ಗ್ಲಿಸರಿನ್ ಹಾಕದ ಅಳು

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಮೂರನೇ ಕ್ಲಾಸಿಗೆ. ಆ ಹೊತ್ತಿಗೆ ಒಂಬತ್ತು ಸಿನಿಮಾ ಮಾಡಿದ್ದೆ. ಕಣ್ಣಿಗೆ ಗ್ಲಿಸರಿನ್ ಹಾಕದೆಯೇ ಅಳುವ ಹುಡುಗ ಎಂದೇ ಹೆಸರಾಗಿದ್ದೆ. ನಾನೀಗ ನೆಲೆಸಿರುವ, ಟ್ಯುಲಿಪ್ ಹೂಗಳ ನಾಡಿನ ಆಲ್ಮೆರೆ ಊರಲ್ಲಿ ಹೊಲಗಳ ಕಡೆಯಿಂದ ಹಸಿಗೊಬ್ಬರದ ವಾಸನೆ ಬಂದರೆ, ಇದೇ ದೇಶದಲ್ಲಿ ನಡೆದ ಆ ವರ್ಷದ ಶೂಟಿಂಗ್ ನೆನಪಾಗುತ್ತದೆ.

ಟ್ಯುಲಿಪ್ ಹೊಲದ ನಡುವೆ ನಿಂತು ನಾನು ಸತ್ತ ತಾಯಿಗಾಗಿ ಅಳಬೇಕಿತ್ತು. ಅಷ್ಟೊಂದು ಹೂ ಕಂಡ ಖುಷಿಗೆ ಅಳುವೇ ಬರಲಿಲ್ಲ. ಆರು ಟೇಕ್ ಆದವು.

"ಬೆಳಕು ಹೋಗ್ತಿದೆ, ಗ್ಲಿಸರಿನ್ ಹಾಕ್ಬಿಡೋಣ," ಎಂದರು ಡೈರೆಕ್ಟರು.

"ನನ್ ಮಗನಿಗೆ ಗ್ಲಿಸರಿನ್ನಾ? ಎರಡು ನಿಮಿಷ ಕೊಡಿ ಸಾರ್."

ಅಪ್ಪ ನನ್ನನ್ನು ಶೂಟಿಂಗ್ ಬಸ್ಸಿನ ಹಿಂದಕ್ಕೆ ಎಳೆದೊಯ್ದು ಬೆಲ್ಟ್ ಬಿಚ್ಚಿದರು. ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು. ಮುಖಕ್ಕೆ ಮಾತ್ರ ಹೊಡೆಯಲಿಲ್ಲ. "ಅಳ್ತೀಯೋ ಇಲ್ವೋ?" ನಾನು ಹಲ್ಲು ಕಚ್ಚಿಕೊಂಡು ನಿಂತೆ.

ಹೊಲದ ಮಾಲೀಕ, ಆರಡಿ ಮೀರಿದ ಆಸಾಮಿ, ಓಡಿ ಬಂದು, ಬೆಲ್ಟ್ ಕಿತ್ತೆಸೆದು, ಅಪ್ಪನ ಮುಖಕ್ಕೆ ಗುದ್ದಿದ. ಅಪ್ಪ ಕೆಸರಿಗೆ ಬಿದ್ದರು. ಎದ್ದಾಗ ಮತ್ತೆ ಗುದ್ದಿದ. ಮೂಗಿನ ರಕ್ತ ಅಂಗಿಗೆ ಇಳಿಯಿತು. "ಬಿಡಿ, ನಮ್ಮಪ್ಪ ಅವ್ರು," ಎಂದು ನಾನು ಅವನ ಕಾಲು ಹಿಡಿದು ಬಿಕ್ಕಿಬಿಕ್ಕಿ ಅತ್ತೆ.

ಯೂನಿಟ್ಟಿನವರು ಬಂದು ಬಿಡಿಸಿದರು. ಅಪ್ಪ ತೋಳಿನಿಂದ ಮೂಗು ಒತ್ತಿಕೊಂಡು ನನ್ನ ಮುಖ ನೋಡಿದರು. ನಂತರ ಕ್ಯಾಮೆರಾ ಕಡೆ ತಿರುಗಿ, "ಬರ್ತಿದೆ ಸಾರ್, ಬೇಗ ತಗೊಳ್ಳಿ," ಎಂದರು.

ಒಂದೇ ಟೇಕಿಗೆ ಓಕೆ ಆಯಿತು.

ಸಿನಿಮಾ ಬಿಟ್ಟು, ದೊಡ್ಡವನಾದ ಮೇಲೆ ಇಲ್ಲಿಗೇ ಬಂದೆ. ಈಗ ನನ್ನ ದುಡಿಮೆಯಲ್ಲಿ ಆದದ್ದು ಒಂದು ಮನೆ, ಸಾಮಾನು ಸಾಗಿಸುವ ಎರಡು ವ್ಯಾನು, ನಾಲ್ವರಿಗೆ ಕೆಲಸ. ಇಬ್ಬರು ಮಕ್ಕಳು, ಇಬ್ಬರೂ ಓದುತ್ತಿದ್ದಾರೆ.