ಗುರವ್ವ ಕಂಡ ಬೆಂಕಿ

ಗಲ್ಲಿನ ಕೈದಿಗೆ ಹುಚ್ಚಿದೆಯೆಂದು ಅರ್ಜಿ ಬಂದರೆ, ಕೊಲೆಯಾದವರ ಮನೆಯ ಒಬ್ಬರು ಕೈದಿಯ ಹಣೆಯ ಪಟ್ಟಿಯನ್ನು ಕಟ್ಟಿಕೊಂಡು ಆ ಹುಚ್ಚನ್ನು ಒಂದು ಊದುಬತ್ತಿ ಉರಿದು ಮುಗಿಯುವ ತನಕ ಅನುಭವಿಸಬೇಕು. ಆಮೇಲೆ ಅವರು ಹೇಳಿದ್ದಕ್ಕೇ ರಾಜ್ಯಪಾಲರು ಸಹಿ ಹಾಕುತ್ತಾರೆ. ಗುರವ್ವನ ಮಗನನ್ನು ಹರಿಗೋಲಿನಿಂದ ಹೊಳೆಗೆ ನೂಕಿ ಕೊಂದ ಫಕೀರಪ್ಪನ ಅರ್ಜಿಗಾಗಿ ಅವಳು ಜೈಲಿಗೆ ಬಂದಿದ್ದಳು. ಕ್ಷಮೆ ಇಲ್ಲವೆಂದು ಮನೆಯಲ್ಲೇ ನಿಶ್ಚಯಿಸಿದ್ದಳು.

"ಬ್ಯಾಡ ವೈನಿ, ನಾ ಕಟ್ಟಿಕೊಳ್ತೀನಿ," ಎಂದ ಮೈದುನ ಚನ್ನಬಸಪ್ಪ.

"ನಿನಗ ಇರೋ ಹುಚ್ಚೇ ಸಾಕು. ಸರಿ ಆ ಕಡೆ."

ಗುರವ್ವ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕುಳಿತಳು. ರಾಜ್ಯಪಾಲರ ಕಾರ್ಯದರ್ಶಿಗಳು ಊದುಬತ್ತಿ ಹಚ್ಚಿ, ಫಕೀರಪ್ಪನ ಹಣೆಯಿಂದ ಬಿಚ್ಚಿ ತಂದ ಪಟ್ಟಿಯನ್ನು ಅವಳ ಹಣೆಗೆ ಕಟ್ಟಿದರು.

ಬತ್ತಿ ಅರ್ಧ ಉರಿಯುವವರೆಗೆ ಏನೂ ಆಗಲಿಲ್ಲ. ಆಮೇಲೆ ಚನ್ನಬಸಪ್ಪನ ಅಂಗಿಗೆ ಬೆಂಕಿ ಹತ್ತಿತು. ಪಾಪ, ಅವನಿಗೆ ಅದು ತಿಳಿದೇ ಇರಲಿಲ್ಲ. ಉರಿಯುತ್ತಲೇ ಎಲೆಯಡಿಕೆ ಅಗಿಯುತ್ತಿದ್ದ. ಗುರವ್ವ ಚೀರುತ್ತ ಎದ್ದು, ಮೂಲೆಯಲ್ಲಿದ್ದ ನೀರಿನ ಕೊಡವನ್ನೆತ್ತಿ ಅವನ ತಲೆಯ ಮೇಲೆ ಸುರಿದಳು.

ಪಟ್ಟಿ ಬಿಚ್ಚಿದಾಗ ಅವನು ತೊಯ್ದು ತೊಪ್ಪೆಯಾಗಿ ನಿಂತಿದ್ದ. "ಏನಾತು ವೈನಿ ನಿಮಗ?"

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವನ್ನ ಗಲ್ಲಿಗೆ ಹಾಕಬ್ಯಾಡ್ರಿ, ಸಾಹೇಬ್ರ."

"ನಮ್ಮ ಹುಡುಗನ್ನ ಕೊಂದಾನ ಅವ!" ಎಂದು ಚನ್ನಬಸಪ್ಪ ಕೂಗಿದ.

"ಬೆಂಕಿ ಆರಸಾಕ ಹೋಗಿದ್ದ," ಎಂದಳು ಗುರವ್ವ. "ನನ್ನ ಕೈಗೆ ಕೊಡ ಸಿಕ್ಕಿತು. ಅವನ ಮುಂದ ಹೊಳಿ ಇತ್ತು."