ದೇವರಾಜನ ಟೈ ರಾಡ್

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಶರ್ವಾಣಿ ಗಂಡ ವಸಿಷ್ಠನ ಜೀಪನ್ನು ಜಾಕಿನ ಮೇಲೆ ಏರಿಸಿ ಅದರಡಿ ಮಲಗಿದ್ದಳು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಬಿಚ್ಚಬೇಕಿತ್ತು. ಜೀಪಿನ ಮೂಲ ರಾಡ್ ಬೆಟ್ಟದ ಕಲ್ಲಿಗೆ ಬಡಿದು ಬಾಗಿದಾಗ ವಸಿಷ್ಠ, ಇನ್ನೂ ಗಟ್ಟಿಯಾದ ಹೊಸದು ಬರುವವರೆಗೆಂದು ಗೆಳೆಯ ದೇವರಾಜನ ಜೀಪಿನದನ್ನೇ ಕಳಚಿ ತಂದು ಹಾಕಿಕೊಂಡಿದ್ದ. ಅದು ಬರುವ ಮೊದಲೇ ಎದೆನೋವೆಂದು ಕುಳಿತವನು ಏಳಲಿಲ್ಲ. ದೇವರಾಜನ ಜೀಪು ಉತ್ತರಹಳ್ಳಿಯಲ್ಲಿ ನಿಂತೇ ಇತ್ತು. ಸಾವಿನ ಮನೆಯಲ್ಲಿ ರಾಡ್ ವಾಪಸ್ ಕೇಳುವುದು ಹೇಗೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಇವತ್ತೂ ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದ.

“ಅತ್ತಿಗೆ, ಏಳಿ ಮೇಲೆ. ಅದೇನ್ ಓಡೋಗುತ್ತಾ? ಹೊಸದು ಬಂದ್ಮೇಲೆ ನಾನೇ ಬದಲಾಯಿಸ್ತೀನಿ.”

“ಹೊಸದು ಬರಲ್ಲ. ಆರ್ಡರ್ ಕ್ಯಾನ್ಸಲ್ ಮಾಡಿದೆ.”

“ಅಯ್ಯೋ, ಯಾಕೆ? ಇದು ಅವನ ಪ್ರಾಣ ಅತ್ತಿಗೆ. ಹೀಗೇ ನಿಲ್ಸಿಬಿಡ್ತೀರಾ?”

“ಓಡ್ಸೋರು ಯಾರು, ದೇವರಾಜ್?”

ಅವಳು ಸುತ್ತಿಗೆ ಎತ್ತಿಕೊಂಡಳು. ಬೋಲ್ಟಿಗಲ್ಲ, ಅದು ಕೂತಿರುವ, ಚಕ್ರದ ಕಡೆಯ ಕಬ್ಬಿಣದ ತೋಳಿನ ಪಕ್ಕಕ್ಕೆ ಹೊಡೆಯಬೇಕು. ಅವಳು ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಾಗಲೆಲ್ಲ ವಸಿಷ್ಠ ಹೇಳುತ್ತಿದ್ದ ಮಾತು. ಅವಳು ಹಾಗೆಯೇ ಹೊಡೆದಳು. ಒಂದು ತುದಿ ಬಿಟ್ಟಿತು, ಆಮೇಲೆ ಇನ್ನೊಂದು. ತಣ್ಣನೆಯ ರಾಡ್ ಎದೆಯ ಮೇಲೆ ಬಿತ್ತು. ಸ್ವಲ್ಪ ಹೊತ್ತು ಅದನ್ನು ಹಾಗೇ ಹಿಡಿದು ಮಲಗಿದ್ದಳು.

ಹೊರಗೆ ಬಂದು, ಏಳಲು ಆಸರೆಗೆಂದು ಬಾಗಿಲಿಲ್ಲದ ಜೀಪಿನೊಳಗೆ ಕೈಚಾಚಿ ಸ್ಟಿಯರಿಂಗ್ ಹಿಡಿದಳು. ಅದು ತಿರುಗಿತು. ಒಂದು ಚಕ್ರ ಅದರೊಡನೆ ಹೊರಳಿತು. ಇನ್ನೊಂದು ಗೇಟಿನತ್ತ ನೇರ ಮುಖ ಮಾಡಿ ಹಾಗೇ ನಿಂತಿತು.

ಶರ್ವಾಣಿ ರಾಡನ್ನು ದೇವರಾಜನ ಕೈಗಿಟ್ಟಳು.