ಅಂಚಿನ ಸಾಲಿನ ಸೊಪ್ಪು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ, ಬೇಸಿಗೆ. ಬಿಸಿಲೇರುವ ಮೊದಲೇ ಆರೋಗ್ಯಮ್ಮ ಹಿಪ್ಪುನೇರಳೆ ಸೊಪ್ಪು ಕುಯ್ದು ತಂದು, ರೇಷ್ಮೆ ಹುಳುಗಳಿಗೆ ಮೊದಲ ಮೇವು ಹಾಕುತ್ತಿದ್ದಳು.

ಬಾಗಿಲಲ್ಲಿ ಉಪದೇಶಿ ಇನ್ನಾಸಪ್ಪ ಬಂದು ನಿಂತರು. ಫಾದರ್ ಇಲ್ಲದ ದಿನ ಊರ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವರು ಅವರೇ.

"ತಂಗಿ, ಮೋಟಾರು ಸುಟ್ಟೋಯ್ತು ಕಣವ್ವ. ತೋಟ ಬಾಡೋಗದೆ, ಹುಳ ಬಾಯಿ ಬಿಡ್ತಾವೆ… ಹೋದ ಬೆಳೇಲಿ ಕೊಟ್ಟಿದ್ನಲ್ಲ, ಆ ಎರವಲು ಸೊಪ್ಪು ಈಗ ಕೊಟ್ಬುಡು."

ಆ ಊರಿನಲ್ಲಿ ಸೊಪ್ಪು ಮಾರುವುದಿಲ್ಲ. ಈ ರೇಷ್ಮೆ ಬೆಳೆಗೆ ನೀನು ಕೊಟ್ಟರೆ, ಮುಂದಿನ ಬೆಳೆಗೆ ನಾನು… ಅಷ್ಟೇ.

ಎರವಲು ಬಂದ ಸೊಪ್ಪನ್ನು ನಾಲ್ಕು ಹುಳುಗಳಿಗೆ ಹಾಕಿ ಪರೀಕ್ಷಿಸುವ ರೂಢಿಯೂ ಇಲ್ಲ. ಹಾಗೆ ಮಾಡಿದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

ಹೋದ ಬೆಳೆಯಲ್ಲಿ ಆರೋಗ್ಯಮ್ಮನೂ ಪರೀಕ್ಷಿಸಿರಲಿಲ್ಲ. ಉಪದೇಶಿಯವರ ಸೊಪ್ಪೆಂದು ಕಣ್ಣಿಗೊತ್ತಿಕೊಂಡು ಹಾಕಿದ್ದಳು…

ಸಂಜೆಯೊಳಗೆ ಹುಳುಗಳು ತಲೆಯೆತ್ತಿ, ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು. ಗಂಡ ತೀರಿಹೋದ ಮೇಲೆ ಅವಳೊಬ್ಬಳೇ ಸಾಕಿದ ಮೊದಲ ಬೆಳೆ. ಎಲ್ಲವನ್ನೂ ಗುಂಡಿಗೆ ಸುರಿದಳು.

ಅವತ್ತು ಇನ್ನಾಸಪ್ಪನವರೇ ಬಂದು, ಬರಿದಾದ ಹುಳುಮನೆಯಲ್ಲಿ ಮಂಡಿಯೂರಿ ಜಪಸರದ ಪ್ರಾರ್ಥನೆ ಹೇಳಿಸಿದ್ದರು.

"ದೇವರ ಚಿತ್ತ ತಂಗಿ… ಏನ್ ಮಾಡಕಾಯ್ತದೆ?"

ಅವಳು ಅದನ್ನೂ ನಂಬಿದ್ದಳು… ಮೊನ್ನೆಯವರೆಗೂ.

ಇಬ್ಬರ ತೋಟದ ನಡುವೆ ಟೊಮೆಟೊ ಬೆಳೆಯುವ ಮಾದೇಗೌಡ ಮೊನ್ನೆ ಬೇಲಿಯಾಚೆಯಿಂದ ಕೂಗಿದ್ದ: "ಅಕ್ಕೋ, ಟೊಮೆಟೊಗೆ ಔಷಧಿ ಹೊಡ್ದಿವ್ನಿ. ಗಾಳಿಗೆ ಹಾರಿ ನಿನ್ ತೋಟದ ಅಂಚಿನ ಸಾಲಿಗೂ ಬಿದ್ದದೆ, ಹುಳಕ್ಕೆ ವಿಷ, ಅದನ್ನ ಕುಯ್ಬೇಡ."

ಆಮೇಲೆ ತಲೆ ಕೆರೆದುಕೊಂಡಿದ್ದ. "ಹೋದ ಸಲ ಉಪದೇಶಿಗೂ ಹೇಳಿದ್ದೆ. ಮಾರನೇ ದಿನ ನೋಡುದ್ರೆ ಅದೇ ಸಾಲು ಕುಯ್ದು ನಿಮ್ಮನೆಗೆ ಹೊರ್ತಾವ್ರೆ! ಗೊಬ್ಬರದ ಗುಂಡಿಗೆ ಹಾಕಕ್ಕೆ ನೀನೇ ಕೇಳಿದ್ದೀಯೇನೋ ಅನ್ಕಂಡೆ ಕಣಕ್ಕ…"

ಅಂದಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ.

ಈಗ ಅದೇ ಮನುಷ್ಯ ಬಾಗಿಲಲ್ಲಿ ನಿಂತು ಎರವಲು ಕೇಳುತ್ತಿದ್ದಾರೆ…

"ಕೂತಿರಿ ಅಣ್ಣ, ಕುಯ್ಕಂಡು ಬತ್ತೀನಿ" ಎಂದಳು.

ಕುಡುಗೋಲು ಹಿಡಿದವಳ ಕಾಲು ನೇರ ಅಂಚಿನ ಸಾಲಿಗೇ ಹೋಯಿತು. ಎಲೆಗಳು ಎಷ್ಟು ಚೆನ್ನಾಗಿ ಹೊಳೆಯುತ್ತಿದ್ದವು! ಯಾರಿಗೂ ಗೊತ್ತಾಗುವುದಿಲ್ಲ. ಅವರು ಕೊಟ್ಟದ್ದನ್ನೇ ಅವರಿಗೆ…

ನಾಲ್ಕು ಕಡ್ಡಿ ಕುಯ್ದೂಬಿಟ್ಟಳು.

ಆಗ ತಲೆಯೆತ್ತಿ ಒದ್ದಾಡಿದ ಆ ಹುಳುಗಳು ಕಣ್ಣಿಗೆ ಬಂದವು. ಅವೇನು ಪಾಪ ಮಾಡಿದ್ದವು? ಇದನ್ನು ಕೊಟ್ಟು, ನಾಳೆ ಶುಕ್ರವಾರ ಚರ್ಚಿನ ಶಿಲುಬೆ ಹಾದಿ ಪ್ರಾರ್ಥನೆಯಲ್ಲಿ ಯಾವ ಮುಖ ಹೊತ್ತು ಮಂಡಿಯೂರಲಿ?

ಕಡ್ಡಿಗಳನ್ನು ಅಲ್ಲೇ ಬಿಸಾಡಿ, ಕುಡುಗೋಲನ್ನು ಮಣ್ಣಿಗೆ ಉಜ್ಜಿ ತೊಳೆದಳು. ನಡುತೋಟಕ್ಕೆ ಹೋಗಿ ಎಳೆಯ, ದಪ್ಪ ಸೊಪ್ಪಿನ ಹೊರೆ ಕಟ್ಟಿ ತಂದಳು.

ಆದರೆ ತಕ್ಷಣ ಕೊಡಲಿಲ್ಲ. ಹೊರೆಯಿಂದ ಒಂದು ಹಿಡಿ ಸೊಪ್ಪು ಕಿತ್ತು ತನ್ನದೇ ಹುಳುಗಳ ಮೇಲೆ ಹಾಕಿ, ಪಕ್ಕದಲ್ಲಿ ನೋಡುತ್ತ ಕೂತಳು.

ಹುಳುಗಳು ಸರಸರನೆ ತಿನ್ನತೊಡಗಿದವು. ತುಂಬ ಹೊತ್ತಾದರೂ ಒಂದೂ ತಲೆಯೆತ್ತಿ ಒದ್ದಾಡಲಿಲ್ಲ…

"ಇದ್ಯಾಕ್ ತಂಗಿ? ನಾನೇನ್ ನಿನ್ ಮೇಲೆ ಅನುಮಾನ ಪಟ್ನಾ?" ಎಂದರು ಇನ್ನಾಸಪ್ಪ.

"ನಾನೂ ಪಟ್ಟಿರ್ಲಿಲ್ಲ ಅಣ್ಣ."

ಇನ್ನಾಸಪ್ಪನವರಿಗೆ ಅರ್ಥವಾಯಿತು. ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು.

"ಒಳಗಿನ ಸಾಲು ನನ್ ಹುಳಕ್ಕೆ ಬೇಕಿತ್ತವ್ವ… ಒಂದ್ ಹನಿ ಮಳೆ ಬಿದ್ದಿತ್ತು, ಔಷಧಿ ತೊಳ್ದೋಗಿರ್ತದೆ ಅಂತ ನಂಗ್ ನಾನೇ ಹೇಳ್ಕಂಡೆ…"

"ಹುಳ ಸತ್ತದ್ದಕ್ಕೂ ನಾನ್ ಅಷ್ಟು ಅಳ್ಲಿಲ್ಲ ಅಣ್ಣ. ಅದನ್ನ ದೇವರ ತಲೆಗೆ ಕಟ್ಬುಟ್ರಲ್ಲ…"

ಅವಳೇ ಹೊರೆಯನ್ನು ಎತ್ತಿ ಅವರ ತಲೆಯ ಮೇಲಿಟ್ಟಳು.

"ಸೊಪ್ಪಿನ ಎರವಲು ಇವತ್ತಿಗೆ ತೀರ್ತು. ಬಿಸ್ಲೇರ್ತದೆ, ಬಾಡೋಕ್ ಮುಂಚೆ ಹಾಕಿ."

"ನನ್ನದು ತಂಗಿ…? ನಾನು ತೀರಿಸ್ಬೇಕಾದ್ದು?"

ಅವಳು ಹುಳುಗಳ ಕಡೆ ತಿರುಗಿ ಉಳಿದ ಮೇವು ಹರಡತೊಡಗಿದಳು…

*

ನಮ್ಮ ಭಕ್ತಿಯ ತೂಕ ಗೊತ್ತಾಗುವುದು ಮಂಡಿಯೂರಿದಾಗಲ್ಲ, ನಮ್ಮನ್ನು ಪರೀಕ್ಷಿಸದೆ ನಂಬಿದವರಿಗೆ ನಾವು ಕೊಟ್ಟದ್ದರಲ್ಲಿ.

ಇವತ್ತು ನೀವು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು… ಮೊದಲು ನಿಮ್ಮ ಮನೆಯಲ್ಲೇ ಬಳಸುವ ಧೈರ್ಯ ನಿಮಗಿದೆಯೇ?